ಓದುಗರ ಪ್ರಶ್ನೆ: ಉತ್ತವನ ನೆಲ ಸರ್ಕಾರದ್ದಾದದ್ದು ಹೇಗೆ?

(ಚಿತ್ರದುರ್ಗದ ನಿವೃತ್ತ ಭೂಮಾಪಕರೊಬ್ಬರು ಜಮೀನು, ದಾಖಲೆ, ಊರಿನ ಇತಿಹಾಸಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಕಳೆದ ತಿಂಗಳು ಗೋಮಾಳದ ಬಗ್ಗೆ ಉತ್ತರಿಸುತ್ತಾ, ಬ್ರಿಟಿಷರ ಕಾಲದ ಅಳತೆಯಲ್ಲಿ ಬೇಸಾಯಗಾರ ಬುಡಕಟ್ಟುಗಳಿಗೆ ಆದ ಅನ್ಯಾಯ ಇವತ್ತಿಗೂ ತಾಲ್ಲೂಕು ಕಚೇರಿಯ ಕಡತಗಳಲ್ಲಿ ಹಾಗೇ ಕೂತಿದೆ ಎಂದು ಬರೆದಿದ್ದೆ. ಆ ಒಂದು ಸಾಲು ಹಿಡಿದು ಚಳ್ಳಕೆರೆ, ಮೊಳಕಾಲ್ಮುರು, ನ್ಯಾಮತಿ, ದಾವಣಗೆರೆ ಕಡೆಯಿಂದ ಪತ್ರಗಳು ಬಂದಿವೆ. ಪೋಡಿ, ದಾರಿ ತಕರಾರಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಇವಕ್ಕಷ್ಟೇ ಉತ್ತರಿಸುತ್ತೇನೆ.

ಬ್ರಿಟಿಷರ ಆಳ್ವಿಕೆಯಲ್ಲಿ ಎಲ್ಲ ರೈತರಿಗೂ ಕಷ್ಟವಿತ್ತು. ಹಾಗಿದ್ದೂ ಸಂತಾಲರು, ಮುಂಡರಂಥ ಬುಡಕಟ್ಟಿನವರೇ ಮತ್ತೆ ಮತ್ತೆ ದಂಗೆ ಎದ್ದದ್ದು ಏಕೆ? ಮಕ್ಕಳು ಕೇಳಿದಾಗ ಪಠ್ಯದಲ್ಲಿ ಇರುವಷ್ಟು ಹೇಳಿದೆ. ನನಗೇ ಸಮಾಧಾನವಾಗಲಿಲ್ಲ.
– ಸಮಾಜ ವಿಜ್ಞಾನ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಮೇಡಂ, ಬಯಲು ನಾಡಿನ ರೈತನಿಗೆ ಕಂದಾಯ, ಶಾನುಭೋಗ, ಅಮಲ್ದಾರ ಇವೆಲ್ಲ ಕಂಪನಿ ಸರ್ಕಾರ ಬರುವ ಮೊದಲೇ ಗೊತ್ತಿದ್ದವು. ಹೊರೆ ಏರಿತು, ಬಡ್ಡಿ ಏರಿತು, ನಿಜ. ಆದರೂ ಅವನ ಹೆಸರು ಯಾವುದೋ ಒಂದು ಲೆಕ್ಕದ ಪುಸ್ತಕದಲ್ಲಿ ಇರುತ್ತಿತ್ತು. ಈಗಿನ ಜಾರ್ಖಂಡಿನ ಛೋಟಾ ನಾಗಪುರದ ಮುಂಡರಿಗೆ ಆ ಆಸರೆಯೂ ಇರಲಿಲ್ಲ. ಅವರಲ್ಲಿ ಕಾಡು ಕಡಿದು ನೆಲ ಹಸನು ಮಾಡಿದ ಮೂಲ ಕುಲದವರಿಗೆ ಆ ಊರಿನ ನೆಲವೆಲ್ಲ ಒಟ್ಟಾಗಿ ಸೇರಿದ್ದು. ಇದಕ್ಕೆ ಖುಂಟ್‌ಕಟ್ಟಿ ಎನ್ನುತ್ತಾರೆ. ಊರಿನ ಅಂಚಿನಲ್ಲಿ ನೆಟ್ಟ ಹಿರೀಕರ ಸಮಾಧಿ ಕಲ್ಲುಗಳೇ ಅವರಿಗೆ ಪಟ್ಟಾ. ಕಾಗದ ಕೇಳುವ ಸರ್ಕಾರ ಬಂದಾಗ ಅವರ ಕೈಯಲ್ಲಿ ಕಾಗದ ಇರಲಿಲ್ಲ. ಕಾಗದ ಮಾಡಿಸಿಕೊಳ್ಳಬಲ್ಲ ಜಮೀನ್ದಾರರು, ಗುತ್ತಿಗೆದಾರರು ಹೊರಗಿಂದ ಬಂದರು. ಕೋರ್ಟು ಕಾಗದ ಇದ್ದವರ ಮಾತು ಕೇಳಿತು. ಒಂದೆರಡು ತಲೆಮಾರಿನಲ್ಲಿ ನೆಲ ಕಡಿದವನ ಮೊಮ್ಮಗ ಅದೇ ನೆಲದಲ್ಲಿ ಬಿಟ್ಟಿ ಚಾಕರಿ ಮಾಡುವ ಒಕ್ಕಲಾದ. 1899ರ ಕೊನೆಯಲ್ಲಿ ಬಿರ್ಸಾ ಮುಂಡಾ ಎಬ್ಬಿಸಿದ ಮಹಾ ದಂಗೆಯಾದ ಉಲ್‌ಗುಲಾನ್‌ನ ಬೇರು ಇದೇ.

ಸಂತಾಲರ ಕಥೆಯನ್ನು ಮಕ್ಕಳಿಗೆ ಇನ್ನೂ ಬಿಡಿಸಿ ಹೇಳಿ. ಅದೇ ಜಾರ್ಖಂಡಿನ ರಾಜಮಹಲ್ ಬೆಟ್ಟಗಳಲ್ಲಿ ಮೊದಲು ಇದ್ದವರು ಪಹಾಡಿಯಾ ಜನ. ಗುದ್ದಲಿಯಲ್ಲಿ ನೆಲ ಕೆದಕಿ, ಕಾಡು ಸುಟ್ಟು ಬೆಳೆ ತೆಗೆದು, ಕೆಲವು ವರ್ಷಕ್ಕೆ ಜಾಗ ಬದಲಿಸುತ್ತಿದ್ದವರು. 1793ರ ಖಾಯಂ ಜಮೀನ್ದಾರಿ ಬಂದೋಬಸ್ತಿನ ನಂತರ ಕಂಪನಿಗೂ ಜಮೀನ್ದಾರರಿಗೂ ಸಾಗುವಳಿ ನೆಲ ಹೆಚ್ಚಾಗಬೇಕಿತ್ತು. ಪಹಾಡಿಯಾರು ನೇಗಿಲು ಹಿಡಿಯಲು ಒಪ್ಪಲಿಲ್ಲ. ಹಾಗಾಗಿ ನೇಗಿಲು ಹಿಡಿಯಬಲ್ಲ ಸಂತಾಲರನ್ನು ಕರೆತಂದರು. 1832ರಲ್ಲಿ ಬೆಟ್ಟದ ಬುಡದ ನೆಲವನ್ನು ಗುರುತಿಸಿ, ಕಂಬ ನೆಟ್ಟು, ದಾಮಿನ್-ಇ-ಕೋಹ್ ಎಂದು ಹೆಸರಿಟ್ಟು ಅವರಿಗೆ ಬಿಟ್ಟರು. 1838ರಲ್ಲಿ ಅಲ್ಲಿ ಸಂತಾಲರ 40 ಹಳ್ಳಿ, 3,000 ಜನ. 1851ರ ಹೊತ್ತಿಗೆ 1,473 ಹಳ್ಳಿ, 82,000ಕ್ಕೂ ಮೀರಿದ ಜನ. ಪಹಾಡಿಯಾರು ಬೆಟ್ಟದ ಮೇಲಿನ ಕಲ್ಲು ನೆಲಕ್ಕೆ ಸರಿದರು.

ಇಷ್ಟು ನೆಲ ಹಸನಾದ ಮೇಲೆ ಕಂದಾಯದ ಕೈ ಬಿಗಿಯಾಯಿತು. ಕಂದಾಯ ಕಟ್ಟಲು ರೊಕ್ಕ ಬೇಕು, ರೊಕ್ಕಕ್ಕೆ ಸಾಹುಕಾರ ಬೇಕು. ಸಾಹುಕಾರರು ಎರಡು ಅಳತೆ ಇಟ್ಟುಕೊಂಡಿದ್ದರು. ಸಂತಾಲರಿಂದ ಭತ್ತ ಕೊಳ್ಳುವಾಗ ದೊಡ್ಡದು, ಅವರಿಗೆ ಉಪ್ಪು, ಎಣ್ಣೆ ಮಾರುವಾಗ ಚಿಕ್ಕದು. ದೊಡ್ಡದನ್ನು ಕೇನಾರಾಮ, ಚಿಕ್ಕದನ್ನು ಬೇಚಾರಾಮ ಎನ್ನುತ್ತಿದ್ದರು. ಸಾಲ ತೀರದಿದ್ದರೆ ತೀರುವ ತನಕ ಸಾಹುಕಾರನ ಹೊಲದಲ್ಲಿ ದುಡಿಯುವ ಪತ್ರಕ್ಕೆ ಹೆಬ್ಬೆಟ್ಟು. ಓದು ಬಾರದವನಿಗೆ ಪತ್ರದಲ್ಲಿ ಏನಿದೆ ಎಂದು ಓದಿ ಹೇಳುವವರೂ ಸಾಹುಕಾರನ ಕಡೆಯವರೇ. 1855ರ ಜೂನ್ 30ರಂದು ಭೋಗ್ನಾಡೀ ಗ್ರಾಮದಲ್ಲಿ ಸಿದ್ಧು, ಕಾನ್ಹು ಸೋದರರ ಕರೆಗೆ ಸಾವಿರಾರು ಸಂತಾಲರು ಸೇರಿದರು. ಬಿಲ್ಲು ಬಾಣದ ಆ ಜನರ ಮೇಲೆ ಕಂಪನಿ ಸೈನ್ಯ ನುಗ್ಗಿಸಿತು. ಸಾವಿರಾರು ಜನ ಸತ್ತರು. ಆಮೇಲಷ್ಟೇ ಸಂತಾಲ ಪರಗಣ ಎಂಬ ಪ್ರತ್ಯೇಕ ಜಿಲ್ಲೆ, ಬೇರೆ ಕಾನೂನು ಎಂದೆಲ್ಲ ಹೊರಟಿತು.

ಒಂದೇ ನೆಲದಲ್ಲಿ ಮೊದಲು ಒಂದು ಬುಡಕಟ್ಟನ್ನು ಮೇಲಕ್ಕೆ ದೂಡಲು ಇನ್ನೊಂದನ್ನು ಕರೆತಂದರು. ಎರಡನೆಯವರ ಬೆವರಿನಿಂದ ನೆಲ ಹದವಾದ ಮೇಲೆ ಅವರನ್ನೂ ಸಾಲಕ್ಕೆ ಬಿಟ್ಟುಕೊಟ್ಟರು. ಹೂಲ್ ಎಂಬ ಸಂತಾಲರ ಈ ದಂಗೆಯ ಹೆಸರು ಪಠ್ಯದಲ್ಲಿದೆ, ಪಹಾಡಿಯಾರ ಹೆಸರು ಮಕ್ಕಳ ಕಿವಿಗೆ ಬೀಳುವುದೇ ಅಪರೂಪ. ಅವರನ್ನು ಬಿಡಬೇಡಿ.

ನಾವು ಮ್ಯಾಸನಾಯಕರು. ದೇವರ ಎತ್ತು ಮೇಯುತ್ತಿದ್ದ ಕಾವಲು, ಗುಡ್ಡದ ಓರೆ ಎಲ್ಲ ಹಿಂದೆ ನಮ್ಮವೇ ಎಂದು ನಮ್ಮ ತಾತ ಹೇಳುತ್ತಾರೆ. ಪಹಣಿಯಲ್ಲಿ ನೋಡಿದರೆ ಸರ್ಕಾರ, ಅರಣ್ಯ, ಖರಾಬು ಎಂದಿದೆ. ನಮ್ಮ ಕಡೆ ಇದ್ದದ್ದು ಮೈಸೂರು ಮಹಾರಾಜರು. ಬ್ರಿಟಿಷರು ಹೇಗೆ ಕಿತ್ತುಕೊಂಡರು?
– ಪದವಿ ವಿದ್ಯಾರ್ಥಿ, ಮೊಳಕಾಲ್ಮುರು

ತಮ್ಮಾ, ನಿಮ್ಮ ತಾತ ಹೇಳಿದ್ದು ದಾಖಲೆಯಲ್ಲಿ ಇಲ್ಲ ಎಂದಮಾತ್ರಕ್ಕೆ ಸುಳ್ಳಲ್ಲ. ಆದರೆ ಈ ಕಥೆಯಲ್ಲಿ ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಿದರೆ ನಿಜ ಸಿಗುವುದಿಲ್ಲ. ಒಂದೊಂದಾಗಿ ಬಿಡಿಸೋಣ.

1779ರಲ್ಲಿ ದುರ್ಗ ಹೈದರಾಲಿಯ ಕೈ ಸೇರಿತು. ಸುಮಾರು 20,000 ಬೇಡರನ್ನು, ಅಂದರೆ ನಿಮ್ಮ ನಾಯಕ ಜನರನ್ನು, ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ನಿಮ್ಮ ಜನಕ್ಕೆ ಬಿದ್ದ ಮೊದಲ ದೊಡ್ಡ ಪೆಟ್ಟು ಅದು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜ್ಯ ಮತ್ತೆ ಒಡೆಯರದ್ದಾಯಿತು. 1830ರ ನಗರ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1881ರವರೆಗೆ, ಐವತ್ತು ವರ್ಷ, ಚಿತ್ರದುರ್ಗವನ್ನು ಆಳಿದ್ದು ಕಮೀಷನರುಗಳೇ. ನೀವು ಕೇಳಿದ ಬದಲಾವಣೆಗಳೆಲ್ಲ ಬೇರು ಬಿಟ್ಟದ್ದು ಆ ಐವತ್ತು ವರ್ಷದಲ್ಲಿ. ಮಹಾರಾಜರಿಗೆ ರಾಜ್ಯ ವಾಪಸು ಬಂದಾಗ ಆ ಕಚೇರಿಗಳು, ಆ ನಿಯಮಗಳು ಹಾಗೇ ಬಂದವು.

ಕಾವಲುಗಳು, ಅಂದರೆ ಸರ್ಕಾರದ ದನಕ್ಕೆ ಕಾಯ್ದಿಟ್ಟ ಹುಲ್ಲುಗಾವಲುಗಳು, ಬ್ರಿಟಿಷರಿಗಿಂತ ಹಳೆಯವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆ ದನದ ಇಲಾಖೆಯೇ ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಗಾಡಿ ಎಳೆಯುವ ಎತ್ತುಗಳು ಅಲ್ಲಿ ತಯಾರಾಗುತ್ತಿದ್ದವು. ಬ್ರಿಟಿಷ್ ಸೈನ್ಯಕ್ಕೂ ಅದೇ ಎತ್ತು ಬೇಕಾಯಿತು. 1860ರಲ್ಲಿ ಖರ್ಚು ಹೆಚ್ಚೆಂದು ಹಿಂಡನ್ನೇ ಮಾರಿಬಿಟ್ಟು, ಒಳ್ಳೆಯ ಎತ್ತು ಸಿಗದೆ ಪರದಾಡಿ, ಕೆಲವೇ ವರ್ಷದಲ್ಲಿ ಮತ್ತೆ ಕಟ್ಟಿದರು. ಹುಲ್ಲಿಗೆ, ನೀರಿಗೆ ಸರ್ಕಾರದ ದನ ಮೊದಲು, ಊರಿನ ದನ ಆಮೇಲೆ ಎಂಬ ಕಟ್ಟಳೆ ಕಾವಲಿನ ಜೊತೆಗೇ ಬೆಳೆಯಿತು.

ನಿಮ್ಮ ತಾತನ ಮಾತಿಗೆ ನಿಜವಾದ ಉತ್ತರ ಇರುವುದು ಸರ್ವೆಯಲ್ಲಿ. ಇದು ನನ್ನ ಕಸುಬು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. 1863ರಿಂದ ಮೈಸೂರು ಸೀಮೆಯಲ್ಲಿ ಬೊಂಬಾಯಿ ಮಾದರಿಯ ಅಳತೆ, ಜಮಾಬಂದಿ ಶುರುವಾಯಿತು. 33 ಅಡಿಯ ಸರಪಳಿ. ಅದನ್ನು 16 ಆಣೆಗೆ ಭಾಗ ಮಾಡಿರುತ್ತಾರೆ. ಸರಪಳಿ ಉದ್ದ, ಸರಪಳಿ ಅಗಲ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಂದು ಬರೆದ ಮೂಲ ಟಿಪ್ಪಣಿಯ ಹಾಳೆ ಕೈಗೆತ್ತಿಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಡುವೆ ಒಂದು ಆಧಾರ ರೇಖೆ, ಎಡಕ್ಕೆ ಬಲಕ್ಕೆ ಅಡ್ಡಗೆರೆ, ಒಂದೊಂದರ ತುದಿಯಲ್ಲಿ ಇಷ್ಟು ಸರಪಳಿ ಇಷ್ಟು ಆಣೆ ಎಂಬ ಅಂಕಿ, ಮೂಲೆಮೂಲೆಗೆ ಬಾಂದುಕಲ್ಲಿನ ಗುರುತು. ಆ ಅಂಕಿ ಹಿಡಿದು ಹೊಲಕ್ಕೆ ಹೋದರೆ, ಹೂತುಹೋದ ಕಲ್ಲು ಈಗಲೂ ಹೇಳಿದ ಜಾಗದಲ್ಲೇ ಸಿಗುತ್ತದೆ. ಅಷ್ಟು ಪ್ರಾಮಾಣಿಕವಾದ ಕೆಲಸ ಅದು.

ಅನ್ಯಾಯ ಆದದ್ದು ಅಳತೆಯ ಹಿಂದಿದ್ದ ಪ್ರಶ್ನೆಯಿಂದ. ಈ ನೆಲ ಉಳುವವನು ಯಾರು, ಕಂದಾಯ ಕಟ್ಟುವವನು ಯಾರು, ಸರ್ವೆಯವರು ಕೇಳಿದ್ದು ಇಷ್ಟೇ. ದನ ಕಾಯುವ ಕಿಲಾರಿ ದೇವರ ಎತ್ತುಗಳನ್ನು ಹೊಡೆದುಕೊಂಡು ಮಳೆಗಾಲಕ್ಕೆ ಒಂದು ಕಡೆ, ಬೇಸಿಗೆಗೆ ಇನ್ನೊಂದು ಕಡೆ ಹೋಗುತ್ತಾನೆ. ಆ ಎತ್ತನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅದರಿಂದ ಸರ್ಕಾರಕ್ಕೆ ಬಿಡಿಗಾಸು ಹುಟ್ಟುವುದಿಲ್ಲ. ಹೀಗೆ ವರ್ಷದಲ್ಲಿ ಒಂದೆರಡು ತಿಂಗಳು ಬಳಸುವ, ಇಡೀ ಹಟ್ಟಿಗೆ ಸೇರಿದ, ಯಾರ ಹೆಸರಿಗೂ ಬಾರದ ನೆಲವನ್ನು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ನಿಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಅಳತೆಗೆ ಹೋದಾಗ, ಟಿಪ್ಪಣಿಯಲ್ಲಿ ‘ಕಲ್ಲು ಖರಾಬು’ (ಬೇಸಾಯಕ್ಕೆ ಬಾರದ ನೆಲ) ಎಂದು ಬರೆದಿದ್ದ ಗುಡ್ಡದ ಓರೆಯಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆಯ ಸುತ್ತು ಕಂಡಿದ್ದೇನೆ. ಬುಡದಲ್ಲಿ ತಲೆಮಾರುಗಳ ಗೊಬ್ಬರ ಬಿದ್ದು ಮಣ್ಣು ಕಪ್ಪಗಾಗಿತ್ತು. ಎತ್ತಿನ ರೊಪ್ಪ ಅದು. ಹಾಳೆಯ ಮೇಲೆ ಮಾತ್ರ ಅದು ಬರೀ ಕಲ್ಲು.

ಬೆದ್ದಲು ಹೊಲದವರಿಗೂ ಇದೇ ಗತಿ. ನಿಮ್ಮ ಕಡೆ ಬೀಳುವ ಮಳೆ ರಾಜ್ಯದಲ್ಲೇ ಅತಿ ಕಡಿಮೆ. ಅಂಥ ನೆಲದಲ್ಲಿ ಎರಡು ವರ್ಷ ಸಜ್ಜೆ, ನವಣೆ, ಹುರುಳಿ ಬೆಳೆದು, ಮುಂದೆ ನೆಲಕ್ಕೆ ಉಸಿರಾಡಲು ಬಿಡಬೇಕು. ಬೀಳು ಬಿಟ್ಟಾಗ ಕುರಿ ದನ ಮಂದೆ ಹಾಕಬೇಕು. ಹೊಸ ಬಂದೋಬಸ್ತಿನಲ್ಲಿ ಸರ್ವೆ ನಂಬರಿಗೆ ಇಷ್ಟು ಎಂದು ಆಕಾರ, ಅಂದರೆ ಕಂದಾಯ, ನಿಗದಿಯಾಯಿತು. ಉತ್ತರೂ ಅಷ್ಟೇ, ಬೀಳು ಬಿಟ್ಟರೂ ಅಷ್ಟೇ, ಮಳೆ ಕೈಕೊಟ್ಟರೂ ಅಷ್ಟೇ, ಅದೂ ಹಣದಲ್ಲಿ. ಕಟ್ಟಲಾಗದವನು ರಾಜೀನಾಮೆ ಬರೆದು ನಂಬರು ಬಿಟ್ಟುಕೊಟ್ಟ. ಬಿಟ್ಟ ನೆಲ ಸರ್ಕಾರದ್ದು. ಮಳೆ ಬಂದ ವರ್ಷ ಅವನೇ ಹೋಗಿ ಅಲ್ಲಿ ನೇಗಿಲು ಹೂಡಿದರೆ ಅವನು ಒತ್ತುವರಿದಾರ.

ಅದರ ಬೆನ್ನಿಗೇ ಅರಣ್ಯ. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಗುಡ್ಡಗಳು ಒಂದೊಂದಾಗಿ ಸರ್ಕಾರಿ ಅರಣ್ಯವಾದವು. ಸೌದೆ, ಮೇವು, ತಂಗಡಿ ಚಕ್ಕೆ, ಎಲ್ಲಕ್ಕೂ ಅಪ್ಪಣೆ ಬೇಕಾಯಿತು. ಮಹಾರಾಜರ ಸರ್ಕಾರ 1900ರಲ್ಲಿ ತಂದ ಅರಣ್ಯ ರೆಗ್ಯುಲೇಶನ್ನೂ ಬ್ರಿಟಿಷ್ ಇಂಡಿಯಾದ ಕಾಯಿದೆಯ ಜಾಡಿನಲ್ಲೇ ನಡೆಯಿತು.

ಈ ಎರಡರ ನಡುವೆ ಬಂದದ್ದು 1876–78ರ ಮಹಾ ಕ್ಷಾಮ. 1871ರ ಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ 50 ಲಕ್ಷ ಮೀರಿದ ಜನ. 1881ರಲ್ಲಿ 42 ಲಕ್ಷದೊಳಗೆ. ಹಿಂದೆಲ್ಲ ಬರ ಬಂದರೆ ಗುಡ್ಡ ಹತ್ತಿ ಗೆಡ್ಡೆ ಗೆಣಸು ತಿಂದು, ದನವನ್ನು ದೂರದ ಹುಲ್ಲಿಗೆ ಹೊಡೆದು ಜೀವ ಉಳಿಸಿಕೊಳ್ಳುತ್ತಿದ್ದ ಜನಕ್ಕೆ ಆ ದಾರಿಗಳು ಆಗ ಕಿರಿದಾಗತೊಡಗಿದ್ದವು. ಹಸಿವಿಗೂ ಕಾನೂನಿಗೂ ಸಂಬಂಧವಿಲ್ಲ ಎನ್ನುವವರು ಈ ಎರಡು ಗಣತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇದು ಮುಗಿದ ಕಥೆಯೂ ಅಲ್ಲ. 2009–10ರ ಸುಮಾರಿಗೆ ಚಳ್ಳಕೆರೆಯ ಕುದಾಪುರದ ಸುತ್ತ ಸುಮಾರು 10,000 ಎಕರೆ ಕಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ, ಕಾಗದದ ಪ್ರಕಾರ ಅದು ಸರ್ಕಾರದ್ದೇ ನೆಲ. ಅಲ್ಲಿ ದನ, ಕುರಿ ಮೇಯಿಸುತ್ತಿದ್ದ ಊರುಗಳನ್ನು ಕೇಳಬೇಕು ಎಂದು ಆ ಕಾಗದ ಹೇಳುತ್ತಿರಲಿಲ್ಲ. ನನ್ನನ್ನು ಕೇಳಿದರೆ, ಕೇಳಲೇಬೇಕಿತ್ತು. ಬೇಸಿಗೆ ಬಂದರೆ ದೇವರ ಎತ್ತುಗಳಿಗೆ ಮೇವಿಲ್ಲ, ದಾನಿಗಳು ಮೇವು ಕಳಿಸಿ ಎಂಬ ಸುದ್ದಿ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದರ ಹಿಂದೆ ಇಷ್ಟು ಉದ್ದದ ಚರಿತ್ರೆ ಇದೆ.

ಕಾಡು ಸುಟ್ಟು ಬೆಳೆ ತೆಗೆಯುವ ಕುಮರಿ ಬೇಸಾಯವನ್ನು ಬ್ರಿಟಿಷರು ನಿಲ್ಲಿಸಿದ್ದು ಒಳ್ಳೆಯದಲ್ಲವೇ? ಇಲ್ಲದಿದ್ದರೆ ಪಶ್ಚಿಮ ಘಟ್ಟ ಉಳಿಯುತ್ತಿತ್ತೇ?
– ಕೃಷಿ ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಕುಮರಿಯನ್ನು ಒಮ್ಮೆ ಸರಿಯಾಗಿ ನೋಡಪ್ಪ. ಬೇಸಿಗೆಗೆ ಮುಂಚೆ ಗುಡ್ಡದ ಒಂದು ತುಂಡಿನ ಪೊದೆ, ಮರದ ಕೊಂಬೆ ಕಡಿದು ಒಣಗಲು ಬಿಡುತ್ತಾರೆ. ಮಳೆಗೆ ಮುಂಚೆ ಬೆಂಕಿ ಇಡುತ್ತಾರೆ. ಬೂದಿ ಬಿದ್ದ ಮಣ್ಣಿಗೆ ರಾಗಿ, ಸಾಮೆ, ತೊಗರಿ ಎಲ್ಲ ಬೆರಸಿ ಎರಚುತ್ತಾರೆ. ಒಂದೆರಡು ವರ್ಷ ಬೆಳೆ, ಆಮೇಲೆ ಹತ್ತಾರು ವರ್ಷ ಆ ತುಂಡಿನ ಕಡೆ ತಲೆ ಹಾಕುವುದಿಲ್ಲ. ಬುಡ ಉಳಿದ ಮರ ಮತ್ತೆ ಚಿಗುರುತ್ತದೆ. ಜನ ಕಡಿಮೆ, ಕಾಡು ವಿಶಾಲ ಇದ್ದಷ್ಟು ದಿನ ಇದು ನಡೆಯುವ ಪದ್ಧತಿ. ಸುತ್ತುವ ಜಾಗ ಕಿರಿದಾದರೆ ಅದೇ ತುಂಡಿಗೆ ಬೇಗ ವಾಪಸು ಬರಬೇಕಾಗುತ್ತದೆ, ಆಗ ಕಾಡು ಕೆಡುತ್ತದೆ. ಜಾಗ ಕಿರಿದಾದದ್ದು ಯಾರಿಂದ ಎಂಬುದೇ ಪ್ರಶ್ನೆ.

1840ರ ದಶಕದ ಕೊನೆಯಿಂದಲೇ ನಮ್ಮ ಕಡೆ ನಿರ್ಬಂಧ ಶುರು. 1860ರಲ್ಲಿ ಮದರಾಸು ಸರ್ಕಾರ ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದು ಎಂದಿತು. ಆಗ ರೈಲು ಹಳಿ ಹಾಕುವ ಭರಾಟೆ. ಹಳಿಯ ಕೆಳಗಿನ ದಿಮ್ಮಿಗೆ, ಎಂಜಿನ್ನಿನ ಸೌದೆಗೆ, ಹಡಗಿನ ತೇಗಕ್ಕೆ ಕಾಡು ಬೇಕು. ಅದೇ ಕಾಲದಲ್ಲಿ ಕೊಡಗು, ವಯನಾಡಿನ ಇಳಿಜಾರಿನ ಕಾಡು ಸವರಿ ಕಾಫಿ ತೋಟಕ್ಕೆ ಕೊಡುತ್ತಿದ್ದರು. ತೋಟದ ಧಣಿ ಶಾಶ್ವತವಾಗಿ ಕಡಿದರೆ ಅಭಿವೃದ್ಧಿ, ಬುಡಕಟ್ಟಿನವನು ಎರಡು ವರ್ಷಕ್ಕೆ ಕಡಿದರೆ ನಾಶ! ಹಾಗಾಗಿ ಅವರ ಉದ್ದೇಶ ಕಾಡು ಉಳಿಸುವುದೊಂದೇ ಆಗಿತ್ತು ಎಂದು ನಾನು ಒಪ್ಪಲಾರೆ.

ಆಂಧ್ರದ ಪೂರ್ವ ಘಟ್ಟದ ಗೂಡೆಂ, ರಂಪಾ ಗುಡ್ಡಗಳಲ್ಲಿ ಇದೇ ಬೇಸಾಯಕ್ಕೆ ಪೋಡು ಎಂದು ಹೆಸರು. 1882ರ ಮದರಾಸು ಅರಣ್ಯ ಕಾಯಿದೆ ಅದನ್ನು ಹಿಂಡಿತು. ಅದಕ್ಕೂ ಮುಂಚೆ 1879ರಲ್ಲಿ ಹೆಂಡಕ್ಕೆ ತೆರಿಗೆ ಹಾಕಿದ್ದಕ್ಕೇ ಅಲ್ಲಿ ದಂಗೆ ಎದ್ದಿತ್ತು. 1922ರಿಂದ 1924ರವರೆಗೆ ಅಲ್ಲೂರಿ ಸೀತಾರಾಮರಾಜು ಜೊತೆ ನಿಂತ ಗುಡ್ಡದ ಜನ ಕೇಳಿದ್ದೂ ಕಾಡಿನ ಹಕ್ಕನ್ನೇ. ವಯನಾಡಿನ ಕುರಿಚಿಯರದ್ದು ಬೇರೆ ಥರ. ಅವರು ಗದ್ದೆ ಮಾಡುವವರು. ಕಂದಾಯವನ್ನು ಭತ್ತದಲ್ಲಿ ಕೊಡುತ್ತಿದ್ದವರಿಗೆ ಹಣದಲ್ಲೇ ಕಟ್ಟು ಎಂದದ್ದು 1812ರ ಅವರ ದಂಗೆಗೆ ಒಂದು ಮುಖ್ಯ ಕಾರಣ.

ಹಲಗಲಿ ಬೇಡರು ಎದ್ದದ್ದೂ ಜಮೀನಿಗಾಗಿಯೇ?
– ಓದುಗರೊಬ್ಬರು, ಹೊಳಲ್ಕೆರೆ

ಅಲ್ಲ. 1857ರ ದಂಗೆಯ ಭಯದಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದು ಕಾನೂನು ತಂದರು. ಬೇಟೆಯ ಜನಕ್ಕೆ ಆಯುಧ ಅಂದರೆ ಅನ್ನ, ಮಾನ ಎರಡೂ. ಮುಧೋಳ ಸಂಸ್ಥಾನದ ಹಲಗಲಿಯವರು ಕೊಡುವುದಿಲ್ಲ ಎಂದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೇ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ ಹಿಡಿದವರನ್ನು ನೇಣಿಗೆ ಹಾಕಿತು.

ನಮ್ಮ ತಾಂಡದಲ್ಲಿ ಎಲ್ಲರೂ ರೈತರು, ಆದರೆ ತುಂಬ ಜನಕ್ಕೆ ಪಟ್ಟಾ ಇಲ್ಲ. ಲಂಬಾಣಿಗರು ಬೇಸಾಯಕ್ಕೆ ಇಳಿದದ್ದು ಯಾವಾಗ? ನಮ್ಮ ಜನರನ್ನು ಅಪರಾಧಿ ಬುಡಕಟ್ಟು ಅಂದದ್ದು ಏಕೆ?
– ಅಂಗನವಾಡಿ ಕಾರ್ಯಕರ್ತೆ, ನ್ಯಾಮತಿ ತಾಲ್ಲೂಕು

ತಾಯಿ, ನಿಮ್ಮ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವ ತಾಲ್ಲೂಕಿನಿಂದ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ. ನಿಮ್ಮ ಹಿರಿಯರು ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ, ಒಳನಾಡಿನಿಂದ ಸೈನ್ಯದ ಬಿಡಾರಕ್ಕೆ ಸಾಗಿಸುತ್ತಿದ್ದವರು. 1792ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯ ಉಪವಾಸ ಬೀಳದೆ ಶ್ರೀರಂಗಪಟ್ಟಣ ತಲುಪಿದ್ದರಲ್ಲಿ ಬಂಜಾರರ, ಅಂದರೆ ಲಂಬಾಣಿಗರ, ಎತ್ತುಗಳ ಪಾಲು ದೊಡ್ಡದು. ಕಂಪನಿಗೆ ಬೇಕಾದಾಗ ಅವರು ಬೆನ್ನೆಲುಬು.

ಯುದ್ಧಗಳು ಮುಗಿದವು, ರಸ್ತೆ ಬಂತು, ಗಾಡಿ ಬಂತು. 1880ರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ದಾವಣಗೆರೆ ದಾಟಿ ಹರಿಹರಕ್ಕೆ ರೈಲೂ ಬಂತು. ಎತ್ತಿನ ಮೇಲಿನ ವ್ಯಾಪಾರ ಕುಸಿಯಿತು. ಕಸುಬು ಹೋದವರು ಕಾಡಿನಂಚಿನಲ್ಲಿ, ಬೇರೆ ಯಾರಿಗೂ ಬೇಡವಾದ ಕಲ್ಲು ನೆಲದಲ್ಲಿ ತಾಂಡ ಕಟ್ಟಿ ನೇಗಿಲು ಹಿಡಿದರು. ಒಳ್ಳೆಯ ನೆಲವೆಲ್ಲ ಅಷ್ಟರಲ್ಲಿ ಸರ್ವೆ ನಂಬರು ಹೊತ್ತು ಬೇರೆಯವರ ಹೆಸರಿನಲ್ಲಿತ್ತು. ಉಳಿದದ್ದು ಸರ್ಕಾರದ್ದು ಎಂದು ಬರೆದ ನೆಲ. ನಿಮ್ಮ ತಾಂಡದ ಇವತ್ತಿನ ಪಟ್ಟಾ ತೊಂದರೆ ಅಲ್ಲಿಂದ ಶುರು.

ಅಪರಾಧಿ ಎಂಬ ಮಾತು 1871ರ ಕಾಯಿದೆಯದ್ದು. ಒಂದೇ ಊರಿನಲ್ಲಿ ನಿಲ್ಲದವರು, ಕಂದಾಯದ ಪುಸ್ತಕದಲ್ಲಿ ಹೆಸರಿಲ್ಲದವರು ಎಂದರೆ ಬ್ರಿಟಿಷ್ ಅಧಿಕಾರಿಗೆ ಅನುಮಾನ. ಇಡೀ ಸಮುದಾಯವನ್ನೇ ಪಟ್ಟಿಗೆ ಸೇರಿಸಿ, ಹುಟ್ಟಿದ ಮಗುವಿನ ಹಣೆಗೂ ಕಳಂಕ ಹಚ್ಚುವ ಕಾನೂನು. ಪೊಲೀಸರ ಮುಂದೆ ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಮೊದಲು ಉತ್ತರದಲ್ಲಿ, ಮುಂದೆ ಮದರಾಸು ಸೇರಿ ದೇಶದುದ್ದಕ್ಕೂ ಹರಡಿತು. ಕೆಲವು ಪ್ರಾಂತ್ಯಗಳಲ್ಲಿ ಲಂಬಾಣಿಗರನ್ನೂ ಅದರಡಿ ತಂದರು. ಸ್ವತಂತ್ರ ಭಾರತ ಅದನ್ನು ತೆಗೆದುಹಾಕಿದ್ದು 1952ರಲ್ಲಿ. ಒಂದು ಜನಾಂಗಕ್ಕೆ ಮಾಡಿದ ಇಂಥ ಅವಮಾನವನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಾಂಡ, ಗೊಲ್ಲರಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಿ ಮನೆಗಳಿಗೆ ಹಕ್ಕುಪತ್ರ ಕೊಡುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ಅದು ಮನೆಗೆ. ಹೊಲದ ದಾರಿ ಬೇರೆ. ಕೊನೆಯ ಉತ್ತರ ನೋಡಿ.

ಬ್ರಿಟಿಷರು ಬುಡಕಟ್ಟಿನವರ ಪರವಾಗಿ ಒಂದಾದರೂ ಒಳ್ಳೆಯ ಕಾನೂನು ಮಾಡಲಿಲ್ಲವೇ?
– ನಿವೃತ್ತ ಬ್ಯಾಂಕ್ ನೌಕರರು, ಹಿರಿಯೂರು

ಮಾಡಿದರು, ರಕ್ತ ಹರಿದ ಮೇಲೆ. 1908ರ ಛೋಟಾ ನಾಗಪುರ ಗೇಣಿ ಕಾಯಿದೆ ಖುಂಟ್‌ಕಟ್ಟಿ ಹಕ್ಕನ್ನು ಒಪ್ಪಿತು, ಬುಡಕಟ್ಟಿನವರ ಜಮೀನು ಹೊರಗಿನವರಿಗೆ ಹೋಗದಂತೆ ತಡೆ ಹಾಕಿತು. ಇವತ್ತಿಗೂ ಜಾರ್ಖಂಡಿನ ಜನ ಅದನ್ನು ಕಣ್ಣಿನ ರೆಪ್ಪೆಯಂತೆ ಕಾಯುತ್ತಾರೆ. ಆದರೆ ಅದನ್ನು ಕೊಡಿಸಿದ್ದು ಬಿರ್ಸಾ ಮುಂಡಾ ಎಂದೇ ನನ್ನ ನಂಬಿಕೆ. ಇನ್ನೂ ಇಪ್ಪತ್ತೈದು ತುಂಬದ ಆ ಹುಡುಗ 1900ರ ಜೂನ್ 9ರಂದು ರಾಂಚಿ ಜೈಲಿನಲ್ಲಿ ತೀರಿಕೊಂಡಿದ್ದ.

ನಮ್ಮ ಅಜ್ಜ ಉಳುತ್ತಿದ್ದ ನೆಲ ಈಗ ಅರಣ್ಯ ಎಂದಿದೆ. ಹಳೆಯ ದಾಖಲೆ ಎಲ್ಲಿ ಹುಡುಕಲಿ? ಏನೂ ಸಿಗದಿದ್ದರೆ ಮುಂದೇನು?
– ರೈತ, ಹೊಸದುರ್ಗ ತಾಲ್ಲೂಕು

ಮೊದಲು ತಾಲ್ಲೂಕಿನ ಸರ್ವೆ ಶಾಖೆಯಲ್ಲಿ ಅರ್ಜಿ ಕೊಟ್ಟು ಆ ಸರ್ವೆ ನಂಬರಿನ ಮೂಲ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯ ಬರೆದ ಆಕಾರ್‌ಬಂದ್, ಗ್ರಾಮ ನಕಾಶೆಯ ನಕಲು ತೆಗೆಸಿ. ರೆಕಾರ್ಡು ರೂಮಿನಲ್ಲಿ ಕೈಬರಹದ ಹಳೆಯ ಪಹಣಿ ಇರುತ್ತದೆ, ಅದನ್ನೂ ಕೇಳಿ. ಟಿಪ್ಪಣಿಯಲ್ಲಿ ಬಾವಿ, ಗುಡಿ, ರೊಪ್ಪ, ಕಾಲುದಾರಿಯ ಗುರುತು ಇದೆಯೇ ಎಂದು ಗಮನವಿಟ್ಟು ನೋಡಿ. ನೆಲ ಅರಣ್ಯವಲ್ಲದೆ ಸರ್ಕಾರಿ ಬೀಳಾಗಿದ್ದರೆ, ಅಪ್ಪಣೆಯಿಲ್ಲದ ಸಾಗುವಳಿಯನ್ನು ಸಕ್ರಮ ಮಾಡಿಸುವ ಬಗರ್ ಹುಕುಂ ದಾರಿ. ಹಿಂದೆ ನಮೂನೆ 50, 53, ಈಚೆಗೆ 57ರಲ್ಲಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ ಚೀಟಿ ಹುಡುಕಿಟ್ಟುಕೊಳ್ಳಿ.

ಅರಣ್ಯವೇ ಆಗಿದ್ದರೆ 2006ರ ಅರಣ್ಯ ಹಕ್ಕು ಕಾಯಿದೆ ಇದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ನೆಲ ಅನುಭವಿಸುತ್ತಿದ್ದೇವೆ ಎಂದು ತೋರಿಸಬೇಕು. ನಮ್ಮ ರಾಜ್ಯದಲ್ಲಿ ನಾಯಕರು ಪರಿಶಿಷ್ಟ ಪಂಗಡ. ಲಂಬಾಣಿಗರು ಇಲ್ಲಿ ಪರಿಶಿಷ್ಟ ಜಾತಿ, ಹಾಗಾಗಿ ಅವರು ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ಅಲೆದು ಬದುಕಿದ, ಪಟ್ಟಿಗೆ ಸೇರಿಸಿ ಓಡಾಡಿಸಿದ ಜನಕ್ಕೆ 75 ವರ್ಷ ಒಂದೇ ಕಡೆ ಇದ್ದ ಪುರಾವೆ ತಾ ಎನ್ನುವುದು ಕಠಿಣ ಷರತ್ತು. ಅದು ಸಡಿಲವಾಗಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತಲೇ ಇದ್ದೇನೆ.

ಆದರೆ ಕಾಗದ ಸಿಗಲಿಲ್ಲ ಎಂದು ಕೈಚೆಲ್ಲಬೇಡಿ. ಈ ಕಾಯಿದೆಯ ನಿಯಮಗಳು ಸರ್ಕಾರಿ ದಾಖಲೆಯನ್ನು ಮಾತ್ರ ಕೇಳುವುದಿಲ್ಲ. ಅರ್ಜಿದಾರರಲ್ಲದ ಊರಿನ ಹಿರಿಯರ ಲಿಖಿತ ಹೇಳಿಕೆ ಒಂದು ಪುರಾವೆ. ಹಳೆಯ ಬಾವಿ, ಬದು, ಸಮಾಧಿ, ದೇವರ ಜಾಗ ಇವೂ ಪುರಾವೆ. ಇಂಥ ಎರಡು ಬಗೆಯ ಪುರಾವೆ ಇರಬೇಕು. ಹೊಲಕ್ಕೆ ನಮೂನೆ ‘ಎ’. ಮೇವು, ಮಂದೆ ದಾರಿ, ದೇವರ ಎತ್ತಿನ ಹುಲ್ಲುಗಾವಲು ಅರಣ್ಯದೊಳಗಿದ್ದರೆ ಇಡೀ ಹಟ್ಟಿ ಸೇರಿ ನಮೂನೆ ‘ಬಿ’ ಹಾಕಬಹುದು. ದನ ಮೇಯಿಸುವ, ಋತುಮಾನಕ್ಕೆ ತಕ್ಕಂತೆ ಬಂದುಹೋಗುವ ಜನರ ಹಕ್ಕನ್ನು ಈ ಕಾಯಿದೆ ಹೆಸರಿಸಿಯೇ ಒಪ್ಪಿದೆ. ಮೊಳಕಾಲ್ಮುರಿನ ತಮ್ಮ ಇದನ್ನು ಗಮನಿಸಬೇಕು.

ಎಂಬತ್ತು ದಾಟಿದ ಹಿರಿಯರು ಊರಿನಲ್ಲಿ ಇದ್ದರೆ ತಡ ಮಾಡದೆ ಈ ವಾರವೇ ಅವರ ಹೇಳಿಕೆ ಬರೆಸಿ. ಯಾವ ಗುಡ್ಡ, ಯಾವ ಹಳ್ಳ, ಯಾರ ಕಾಲದಿಂದ, ಏನು ಬೆಳೆ, ಎಲ್ಲವೂ ಅವರ ಮಾತಿನಲ್ಲೇ ಇರಲಿ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿ. ಅರ್ಜಿ ಗ್ರಾಮಸಭೆಯ ಮುಂದೆ ಹೋಗಬೇಕು, ಅರಣ್ಯ ಹಕ್ಕು ಸಮಿತಿಯವರು ಜಾಗಕ್ಕೆ ಬಂದು ನೋಡಬೇಕು, ಆ ದಿನ ನೀವೂ ಇರಬೇಕು. ಸ್ವೀಕೃತಿ ಇಲ್ಲದೆ ಅರ್ಜಿ ಬಿಟ್ಟು ಬರಬೇಡಿ. ಗ್ರಾಮಸಭೆಯ ನಿರ್ಣಯ ನಿಮಗೆ ವಿರುದ್ಧವಾದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ. ತಿರಸ್ಕರಿಸುವವರು ಕಾರಣವನ್ನು ಬರಹದಲ್ಲೇ ಕೊಡಬೇಕು. ಬಾಯಿಮಾತಿನಲ್ಲಿ ಆಗಲ್ಲ ಎಂದರೆ ಒಪ್ಪಬೇಡಿ.